ಶಾರ್ಟ್‌ಸ್ಟಾಪ್ ಜಾಗಕ್ಕೆ ಒಂದು ಹೆಸರು

ಬಯಾನ್ ಲೆಪಾಸ್, ಪೆನಾಂಗ್
೨೧ ಜೂನ್ ೨೦೨೦

ಮಹೇಶನಿಗೆ,

ಹದಿನೇಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ನೀನು ಇದನ್ನು ಒಡೆಯದೆ ಇಡಲೂಬಹುದು. ನಿನ್ನ ಫೋನ್ ನಂಬರು ನನ್ನಲ್ಲಿಲ್ಲ. ನೀನು ಕೆಲಸ ಬಿಡುವಾಗ ಕೊಟ್ಟ ವಿಳಾಸ ಕಾರ್ಖಾನೆಯ ಹಳೆಯ ಫೈಲಿನಲ್ಲಿ ಸಿಕ್ಕಿತು. ಬಾಂಗ್ಸಾರಿನ ಮನೆ ನೀನು ಬಿಟ್ಟಿಲ್ಲ ಎಂದುಕೊಂಡಿದ್ದೇನೆ.

ವಿಷಯ ಇಷ್ಟು. ನಮ್ಮ ನಾಲ್ಕು ಕಾರ್ಖಾನೆಗಳ ಬೇಸ್‌ಬಾಲ್ ಲೀಗಿಗೆ ಇಪ್ಪತ್ತೈದು ವರ್ಷವಾಯಿತು. ಈಗ ಕ್ರೀಡಾ ಸಂಘ ನೋಡಿಕೊಳ್ಳುವವನು ರೋಸ್ಲಿ ಎಂಬ ಹುಡುಗ. ಮೈದಾನದ ಪಕ್ಕದ ಗೋಡೆಯ ಮೇಲೆ ಒಂಬತ್ತು ಹೆಸರು ಬರೆಸುತ್ತಾನಂತೆ, ಒಂದೊಂದು ಜಾಗಕ್ಕೆ ಒಬ್ಬೊಬ್ಬ ಶ್ರೇಷ್ಠ ಆಟಗಾರ. ಮೊದಲ ದಿನದಿಂದ ಸ್ಕೋರ್ ಬರೆದವನು ನಾನೊಬ್ಬನೇ, ಪುಸ್ತಕಗಳೆಲ್ಲ ನನ್ನ ಕಪಾಟಿನಲ್ಲಿವೆ. "ಅಂಕಲ್, ಯು ಸೇ, ಐ ಪೇಂಟ್" ಎಂದ. ಎಂಟು ಹೆಸರಿಗೆ ಕಷ್ಟವಾಗಲಿಲ್ಲ. ಶಾರ್ಟ್‌ಸ್ಟಾಪ್ ಜಾಗಕ್ಕೆ ನಾನು ಅಜ್ಮಾನನ ಹೆಸರು ಕೊಡುತ್ತಿದ್ದೇನೆ, ನಿನ್ನದಲ್ಲ. ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡ ಎಂದು ನಾನೇ ತಿಳಿಸುತ್ತಿದ್ದೇನೆ.

ಮಗಳು ವೇದಾ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಊಟದ ಮೇಜಿನ ತುಂಬ ನನ್ನ ಪುಸ್ತಕ ಹರಡಿದ್ದು ನೋಡಿ, "ಅಪ್ಪ, ಶಾರ್ಟ್‌ಸ್ಟಾಪ್ ಅಂದ್ರೆ ವಾಟ್?" ಎಂದು ಕೇಳಿದಳು. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವನು, ಹೆಚ್ಚಿನ ಚೆಂಡು ಅವನ ಕಡೆಗೇ ಬರುತ್ತದೆ ಎಂದೆ. "ಹಾಗಾದ್ರೆ ಬೈಗುಳವೂ ಅವನಿಗೇ ಜಾಸ್ತಿ ಲಾ" ಎಂದಳು.

ನೀನು ಉದ್ದಕ್ಕೆ ಹಾರಿ ಹಿಡಿಯುತ್ತಿದ್ದೆ. ಕ್ಯಾಂಟೀನಿನ ಹೆಂಗಸರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಅಜ್ಮಾನ್ ಹಾರಿದ್ದನ್ನು ನಾನು ಕಂಡದ್ದೇ ಕಡಿಮೆ. ಚೆಂಡು ಬರುವ ಮೊದಲೇ ಅವನು ಅಲ್ಲಿರುತ್ತಿದ್ದ. ಅವನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ೨೦೦೩ರ ಫೈನಲಿನ ಕೊನೆಯ ಚೆಂಡನ್ನು ಬಿಟ್ಟು ಲೆಕ್ಕ ಹಾಕಿದೆ. ಆಗಲೂ ಅವನೇ ಮೇಲೆ.

ವೇದಾಳ ಅಮ್ಮ ಸರೋಜಿನಿ ಏಪ್ರಿಲ್ ೯ಕ್ಕೆ ತೀರಿಕೊಂಡಳು. ಕೊರೊನಾ ಅಲ್ಲ, ಮಿದುಳಿನಲ್ಲಿ ರಕ್ತಸ್ರಾವ. ಓಡಾಟ ನಿಂತಿದ್ದ ಕಾಲ, ಮಸಣಕ್ಕೆ ನಾಲ್ಕೇ ಜನ ಹೋದೆವು. ನಿನಗೊಂದು ಪತ್ರ ಬರೆಯಬೇಕೆಂದು ಮಾರ್ಚಿನಲ್ಲಿ ಅವಳು ಹೇಳಿದ್ದಳು. ಈ ಗೋಡೆಯ ವಿಷಯಕ್ಕಲ್ಲ. ಅದನ್ನು ಇನ್ನೂ ಬರೆಯಲಾಗಿಲ್ಲ.

ಸುಬ್ರಾಯ


ಬಾಂಗ್ಸಾರ್, ಕೌಲಾಲಂಪುರ
೯ ಜುಲೈ ೨೦೨೦

ಶ್ರೀ ಸುಬ್ರಾಯರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಒಡೆಯದೆ ಇಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಅಜ್ಮಾನನ ಹೆಸರು ಬರೆಸಿರಿ, ಗೋಡೆ ನಿಮ್ಮದು. ಆದರೆ ಜನ ನನ್ನನ್ನು ಸುಮ್ಮನೆ ಹೊಗಳಿದರು ಎನ್ನಲು ನೀವು ಯಾರು? ಜೀವಮಾನದಲ್ಲಿ ಒಂದು ಚೆಂಡು ಹಿಡಿದಿದ್ದೀರಾ? ನೀವು ಹಿಡಿದದ್ದು ಪೆನ್ಸಿಲ್.

ಈ ಜನವರಿಯಲ್ಲಿ ಅಮೆರಿಕದವರು ಡೆರೆಕ್ ಜೀಟರನನ್ನು ಹಾಲ್ ಆಫ್ ಫೇಮಿಗೆ ಸೇರಿಸಿದರು. ಅವನೂ ಶಾರ್ಟ್‌ಸ್ಟಾಪ್, ಅವನೂ ಹಾರುವವನು. ಮುನ್ನೂರ ತೊಂಬತ್ತೇಳು ಜನರಲ್ಲಿ ಮುನ್ನೂರ ತೊಂಬತ್ತಾರು ಜನ ಓಟು ಹಾಕಿದರು. ಒಬ್ಬ ಮಾತ್ರ ಹಾಕಲಿಲ್ಲ. ಅವನು ಯಾರೆಂದು ಗೊತ್ತಾಗಲಿಲ್ಲವಂತೆ. ನಾನು ಅನಿತಾಗೆ ಓದಿ ಹೇಳಿದೆ: "ಇಂವಾ ನಮ್ಮ ಸುಬ್ಬಣ್ಣನ ಇರಬೇಕ ನೋಡು. ಪೆನ್ಸಿಲ್ ತಗೊಂಡು ಅಲ್ಲಿಗೂ ಹೋಗ್ಯಾನ." ಹೆಂಡತಿ ನಕ್ಕಳು. ನಾನು ನಗಲಿಲ್ಲ.

ಫೈನಲಿನ ಚೆಂಡನ್ನು ಬಿಟ್ಟು ಲೆಕ್ಕ ಹಾಕಿದಿರಂತೆ. ಈಗ ಬಿಟ್ಟು ಏನು ಪ್ರಯೋಜನ? ಆ ವರ್ಷ ಲೀಗಿನಿಂದ ಆರಿಸಿದ ತಂಡದಲ್ಲಿ ಜಪಾನಿಗೆ, ನಗೋಯಾಕ್ಕೆ, ಒಬ್ಬನೇ ಶಾರ್ಟ್‌ಸ್ಟಾಪ್ ಹೋಗುವುದಿತ್ತು. ಎರರ್, ಎಂದರೆ ಕೈತಪ್ಪಿದ ಚೆಂಡು, ಅವನಿಗೂ ಐದು, ನನಗೂ ಐದು. ಫೈನಲಿನ ಕೊನೆಯ ಚೆಂಡಿಗೆ ನನ್ನ ಹೆಸರಿನಲ್ಲಿ ಆರನೆಯದನ್ನು ನೀವು ಬರೆದಿರಿ. ಚೆಂಡು ಕಲ್ಲಿಗೆ ಬಡಿದು ಪುಟಿಯಿತು ಎಂದು ಅವತ್ತೇ ಹೇಳಿದೆ. ಕಲ್ಲಿಗೆ ಬಡಿದರೆ ಅದು ಹಿಡಿಯುವವನ ತಪ್ಪಲ್ಲ, ನಿಮ್ಮದೇ ನಿಯಮ. ನೀವು ಅಳಿಸಲಿಲ್ಲ. ಅವನು ವಿಮಾನ ಹತ್ತಿದ. ಎರಡು ತಿಂಗಳಿಗೆ ನಾನು ಕೆಲಸ ಬಿಟ್ಟು ಬಸ್ ಹತ್ತಿದೆ. ಇಲ್ಲಿ ಹದಿನಾರು ವರ್ಷದಿಂದ ದೊಡ್ಡವರ ಮನೆಗಳ ಏರ್‌ಕಂಡೀಶನರ್ ತೊಳೆಯುತ್ತಿದ್ದೇನೆ.

ಸರೋಜಿನಿ ವೈನಿಯ ವಿಷಯ ಎರಡು ಸಲ ಬರೆದು ಹರಿದೆ. ಅದಕ್ಕೇ ಹಾಳೆ ಅರ್ಧ ಇದೆ.

ಮಹೇಶ


ಬಯಾನ್ ಲೆಪಾಸ್
೨ ಆಗಸ್ಟ್ ೨೦೨೦

ಮಹೇಶನಿಗೆ,

ನೀನು ನನ್ನನ್ನು 'ನೀವು' ಎಂದದ್ದು ಇದೇ ಮೊದಲು. ಎರಡು ಸಲ ಓದಿದೆ.

ಆ ಓಟು ಹಾಕದವನು ನಾನಲ್ಲ. ಬ್ಯಾಟಿಗಾಗಿ ನಾನೂ ಜೀಟರನಿಗೆ ಹಾಕುತ್ತಿದ್ದೆ. ಆದರೆ ಚೆಂಡು ಹಿಡಿಯುವುದಕ್ಕಾಗಿ ಅವನಿಗೆ ಐದು ಸಲ ಚಿನ್ನದ ಗ್ಲೌಸ್ ಪ್ರಶಸ್ತಿ ಕೊಟ್ಟದ್ದು ಜಾಸ್ತಿಯಾಯಿತು ಎಂದು ಅಲ್ಲಿಯವರೇ ಲೆಕ್ಕ ಹಾಕಿ ಹೇಳುತ್ತಾರೆ. ಎರರ್ ಎಂಬುದರಲ್ಲಿ ಒಂದು ಮೋಸ ಇದೆ. ಚೆಂಡನ್ನು ಮುಟ್ಟಿ ಬಿಟ್ಟವನಿಗೆ ಎರರ್. ಚೆಂಡಿನ ಹತ್ತಿರಕ್ಕೇ ಹೋಗಲಾಗದವನಿಗೆ ಏನೂ ಇಲ್ಲ. ಹೊರಡುವುದು ತಡವಾದವನು ಕೊನೆಗೆ ಹಾರಲೇಬೇಕು. ನಾವು ಆ ಹಾರುವುದನ್ನು ನೋಡಿ ಮರುಳಾಗುತ್ತೇವೆ. ನಿನ್ನ ಕಡೆಗೆ ಬಂದು ನಿನಗೆ ಸಿಕ್ಕಿದ ಚೆಂಡು ಆರುನೂರ ಹನ್ನೊಂದು. ಅಷ್ಟೇ ಇನ್ನಿಂಗ್ಸಿನಲ್ಲಿ ಅಜ್ಮಾನನಿಗೆ ಏಳುನೂರ ನಾಲ್ಕು. ಆ ತೊಂಬತ್ತಮೂರು ಚೆಂಡು ನಿನ್ನ ಪಕ್ಕದಿಂದ ಹಾದು ಹೋದವು, ಮಹೇಶ. ಅವನ್ನು ಯಾರೂ ನಿನ್ನ ಮೇಲೆ ಹಾಕಲಿಲ್ಲ.

ಕಟುವಾಗಿ ಬರೆದೆನೇನೋ. ಇತ್ತೀಚೆಗೆ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ಅನ್ನಕ್ಕಿಟ್ಟು ಬಾಲ್ಕನಿಗೆ ಹೋಗುತ್ತೇನೆ, ಬಾಲ್ಕನಿಯಿಂದ ಲಿಫ್ಟಿನ ತನಕ, ಮತ್ತೆ ವಾಪಸ್. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತೇನೆ. ದಿನಚರಿ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ, ಆದರೆ ಮೂರು ಸಾಲು ದಾಟುವುದಿಲ್ಲ. ನಿನ್ನೆ ಬರೆದದ್ದು: 'ಬೆಳಿಗ್ಗೆ ಮಳೆ. ವೇದಾ ಮಾಮಾಕ್ ಅಂಗಡಿಯಿಂದ ರೊಟ್ಟಿ ತಂದಳು. ಇವತ್ತೂ ಬರೆಯಲಿಲ್ಲ.'

ಅಮೆರಿಕದಲ್ಲಿ ಆಟ ಶುರುವಾಗಿದೆ, ನೋಡಿದೆಯಾ? ಜನರಿಲ್ಲ. ಕುರ್ಚಿಗಳಲ್ಲಿ ರಟ್ಟಿನ ಮುಖಗಳನ್ನು ನಿಲ್ಲಿಸಿದ್ದಾರೆ. "ಅಪ್ಪ, ಇವ್ರು ನಿಮ್ ಹಾಗೇ, ಅಲ್ಲಾಡ್ದೆ ನೋಡ್ತಾರೆ" ಎಂದಳು ವೇದಾ. ನನ್ನ ಬಗ್ಗೆ ಎಲ್ಲರಿಗೂ ಅಷ್ಟು ನಂಬಿಕೆ.

ಸುಬ್ರಾಯ


ಬಾಂಗ್ಸಾರ್
೨೦ ಸೆಪ್ಟೆಂಬರ್ ೨೦೨೦

ಸುಬ್ಬಣ್ಣ,

ತೊಂಬತ್ತಮೂರು! ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ಬದುಕಿದೆ ಮಾರಾಯಾ?

ಜಗಳ ಮಾಡಲು ಮೂರು ಸಲ ಕುಳಿತೆ. ಜೀಟರನ ಪರವಾಗಿ ಒಂದು ಪುಟ ಬರೆದೆ. ಅನಿತಾ ಓದಿ, "ನೀವು ಅವನ ವಕೀಲ ಏನು? ನಿಮ್ಮ ವಿಷಯ ಬರೀರಿ" ಎಂದಳು. ಆ ಪುಟ ಹಳೆಯ ಪೇಪರಿನ ಜೊತೆ ಹೋಯಿತು.

ನನ್ನ ವಿಷಯ ಇದು. ಅಜ್ಮಾನ್ ನನಗಿಂತ ಚೆನ್ನಾಗಿ ಆಡುತ್ತಿದ್ದನೆಂದು ಎದುರಿಗೆ ಆಡಿದ ನನಗೆ ಗೊತ್ತಿಲ್ಲವೇ? ಒಪ್ಪಲಿಕ್ಕೆ ಕಷ್ಟ, ಆದರೆ ಒಪ್ಪಬಹುದು. ಒಪ್ಪಲಾಗದ್ದು ಆ ಒಂದು ಚೆಂಡು. ಮೂರು ಮೂರು ಸಮ, ಒಂಬತ್ತನೆಯ, ಕೊನೆಯ ಇನ್ನಿಂಗ್ಸ್, ಮೂರನೇ ಬೇಸಿನಲ್ಲಿ ಅವರ ಹುಡುಗ ಓಡಲು ನಿಂತಿದ್ದ. ಚೆಂಡು ನನ್ನನ್ನು ದಾಟಿತು, ಅವನು ಹೋಮ್ ಬೇಸ್ ಮುಟ್ಟಿದ, ನಾವು ಸೋತೆವು. ನೀನು 'ಇ ಆರು', ಶಾರ್ಟ್‌ಸ್ಟಾಪಿನ ಎರರ್, ಎಂದು ಬರೆದೆ. ಸ್ಕೋರರ್ ಒಂದು ದಿನದ ಒಳಗೆ ತಿದ್ದಬಹುದಿತ್ತು. ಮರುದಿನ ಸಂಜೆಯ ತನಕ ನಿನ್ನ ಮನೆ ಬಾಗಿಲಲ್ಲಿ ನಿಂತಿದ್ದೆ. ನೀನು ಒಳಗಿದ್ದೂ ಬರಲಿಲ್ಲ. ವೈನಿ ಬಂದು ನೀರು ಕೊಟ್ಟರು. ಏನೋ ಹೇಳಲು ಬಾಯಿ ತೆರೆದು, ಲೋಟ ತೆಗೆದುಕೊಂಡು ಒಳಗೆ ಹೋದರು.

ಎರಡು ಪತ್ರ ಬರೆದೆ, ಆ ಚೆಂಡಿನ ಬಗ್ಗೆ ಒಂದು ಸಾಲಿಲ್ಲ. ಕಲ್ಲು ನೋಡಿದೆಯೋ ಇಲ್ಲವೋ? ಅಷ್ಟು ಹೇಳು. ವೈನಿ ನನಗೆ ಏನು ಬರೆಯಲು ಹೇಳಿದ್ದರು?

ಮಹೇಶ


ಬಯಾನ್ ಲೆಪಾಸ್
೨೪ ಜನವರಿ ೨೦೨೧

ಮಹೇಶ,

ನಾಲ್ಕು ತಿಂಗಳು ತೆಗೆದುಕೊಂಡೆ. ಈಗ ಮತ್ತೆ ಓಡಾಟ ನಿಲ್ಲಿಸಿದ್ದಾರೆ, ರಾಜ್ಯ ದಾಟುವ ಹಾಗಿಲ್ಲ. ನೀನು ಎದುರಿಗೆ ಬಂದು ಕೇಳಲಾರೆ ಎಂದು ಗೊತ್ತಾದ ಮೇಲೆ ಧೈರ್ಯ ಬಂದದ್ದು. ನಾಚಿಕೆಗೇಡು.

ಮೊನ್ನೆ ಹ್ಯಾಂಕ್ ಆರನ್ ತೀರಿಕೊಂಡ. ಏಳುನೂರ ಐವತ್ತೈದು ಹೋಮ್ ರನ್ ಹೊಡೆದವನು. ಯಾವ ಒಂದು ವರ್ಷದಲ್ಲೂ ಐವತ್ತು ಹೊಡೆದಿಲ್ಲ. ವರ್ಷವರ್ಷವೂ ಬಂದು ತನ್ನ ಕೆಲಸ ಮಾಡಿ ಹೋದ. ಆ ಹೋಮ್ ರನ್ನುಗಳನ್ನೆಲ್ಲ ತೆಗೆದು ಹಾಕಿದರೂ ಅವನ ಲೆಕ್ಕದಲ್ಲಿ ಮೂರು ಸಾವಿರ ಹಿಟ್ ಉಳಿಯುತ್ತವೆ. ನಾನು ಕೂಡಿ ಕಳೆದು ನೋಡಿದೆ, ಮೂರು ಸಾವಿರದ ಹದಿನಾರು. ದೊಡ್ಡವರು ಯಾರು ಎಂದು ನೀನು ಕೇಳಿದರೆ ನಾನು ಇವನನ್ನು ಹೇಳುತ್ತೇನೆ.

ಇದನ್ನು ಬರೆದದ್ದು ಮುಂದಿನ ಸಾಲನ್ನು ತಡ ಮಾಡಲಿಕ್ಕೆ.

ನಾನು ಆ ಚೆಂಡನ್ನು ನೋಡಲಿಲ್ಲ.

ಗೇಟಿನ ಕಡೆ ನೋಡುತ್ತಿದ್ದೆ. ಸರೋಜಿನಿ ನಿಮಗೆಲ್ಲ ಊಟದ ಡಬ್ಬಿ ತರುತ್ತಿದ್ದಳು. ಬ್ಯಾಟಿನ ಸದ್ದು ಕೇಳಿ ತಿರುಗುವಾಗ ಚೆಂಡು ನಿನ್ನ ಹಿಂದೆ ಹುಲ್ಲಿನಲ್ಲಿತ್ತು. ನೀನು ತಲೆ ತಗ್ಗಿಸಿ ನಿಂತಿದ್ದೆ. ಆ ತಲೆ ನೋಡಿ 'ಇ ಆರು' ಬರೆದೆ. ಯಾರನ್ನಾದರೂ ಕೇಳಬಹುದಿತ್ತು. ಸ್ಕೋರರ್ ನೋಡಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಎಂಟು ವರ್ಷದಲ್ಲಿ ನಾನು ಒಂದು ಚೆಂಡೂ ತಪ್ಪಿಸಿಕೊಂಡವನಲ್ಲ ಎಂದು ನಮ್ಮ ತಂಡದ ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ್ದರು. ಅದೊಂದೇ ನನಗಿದ್ದ ಹೆಸರು.

ಮರುದಿನ ಬೆಳಿಗ್ಗೆ ಅವಳು, "ನಿನ್ನೆ ಕಡೇ ಹೊತ್ತಿಗೆ ನೀವು ಈಚೆ ನೋಡಿದ್ರಾ?" ಎಂದು ಕೇಳಿದಳು. "ಇಲ್ಲ ಮಾರಾಯ್ತಿ, ಆಟ ನೋಡ್ತಾ ಇದ್ದೆ" ಎಂದೆ. "ಸರಿ ಹಾಗಾದ್ರೆ" ಎಂದು ಒಳಗೆ ಹೋದಳು. ಮತ್ತೆ ಹದಿನೇಳು ವರ್ಷ ಎತ್ತಲಿಲ್ಲ. ಕಳೆದ ಮಾರ್ಚಿನಲ್ಲಿ ಎಲ್ಲ ಬಂದಾದ ವಾರ ಕಾಫಿ ಕುಡಿಯುವಾಗ ಒಮ್ಮೆಲೇ ಹೇಳಿದಳು: "ನೀವು ಅವತ್ತು ಈಚೆ ನೋಡಿದ್ದು ನಂಗೊತ್ತುಂಟು. ಆ ಮಹೇಶನಿಗೆ ಒಂದು ಕಾಗದ ಬರೀರಿ." ನಾಳೆ ಎಂದೆ. ಮೂರು ವಾರ ನಾಳೆ ಎಂದೆ.

ರೋಸ್ಲಿಗೆ ಫೋನ್ ಮಾಡಿ, ಶಾರ್ಟ್‌ಸ್ಟಾಪ್ ಜಾಗ ಖಾಲಿ ಬಿಡು, ಪುಸ್ತಕದಲ್ಲಿ ತಪ್ಪಿದೆ ಎಂದಿದ್ದೇನೆ. ಇನ್ನು ನೀನು ಏನು ಹೇಳುತ್ತೀಯೋ ಹಾಗೆ ಆಗಲಿ.

ಸುಬ್ರಾಯ


ಬಯಾನ್ ಲೆಪಾಸ್
೪ ಏಪ್ರಿಲ್ ೨೦೨೧

ಮಹೇಶ,

ಪತ್ರ ತಲುಪಿತೋ ಇಲ್ಲವೋ ತಿಳಿಯದು. ಅಂಚೆಯವನ ಮೋಟಾರ್‌ಸೈಕಲಿನ ಸದ್ದಿಗೆ ದಿನವೂ ಕೆಳಗಿಳಿಯುತ್ತೇನೆ. ಗಾರ್ಡಿನವನು ಈಗ ನನ್ನನ್ನು ಕಂಡರೆ ಮೊದಲೇ ಕೈ ಅಲ್ಲಾಡಿಸುತ್ತಾನೆ. ಮೊನ್ನೆ ಮೂರು ಸಲ ಇಳಿದೆ. ಬೈಯುವುದಾದರೂ ಬರೆ. ಶುಕ್ರವಾರ ಅವಳ ವರ್ಷಾಂತಿಕ.

ಸುಬ್ರಾಯ


ಬಾಂಗ್ಸಾರ್
೩೦ ಮೇ ೨೦೨೧

ಸುಬ್ಬಣ್ಣ,

ಎರಡೂ ತಲುಪಿದವು. ನಡುವೆ ನನಗೆ ಆ ಕಾಯಿಲೆ ಬಂತು. ಎರಡು ವಾರ ಒಂದೇ ಕೋಣೆ, ಬಾಗಿಲ ಹೊರಗೆ ಅನಿತಾ ತಟ್ಟೆ ಇಟ್ಟು ಓಡುತ್ತಿದ್ದಳು. ಈಗ ಪರವಾಗಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಾಲದು.

ಆದರೆ ತಡವಾದದ್ದಕ್ಕೆ ಕಾರಣ ಕಾಯಿಲೆಯಲ್ಲ. ಈಗ ನನ್ನ ಸರದಿ.

ಕಲ್ಲಿರಲಿಲ್ಲ.

ಚೆಂಡು ನೇರ ನನ್ನ ಗ್ಲೌಸಿಗೇ ಬಂತು. ಸಣ್ಣ ಮಕ್ಕಳು ಹಿಡಿಯುವ ಚೆಂಡು. ಹಿಡಿಯುವ ಮೊದಲೇ ಎಸೆಯುವುದರ ಬಗ್ಗೆ ಯೋಚಿಸಿದೆ, ಕಾಲ ನಡುವೆ ಹೋಯಿತು. ತಲೆ ಎತ್ತಿ ಮೊದಲು ನೋಡಿದ್ದು ನಿನ್ನ ಮೇಜನ್ನು. ನಿನ್ನ ಮುಖ ಗೇಟಿನ ಕಡೆಗಿತ್ತು. ನೋಡಿಲ್ಲ ಅಂತ ಗೊತ್ತಾಯಿತು. ಆಗ ತಲೆ ತಗ್ಗಿಸಿದೆ. ತಗ್ಗಿಸಿದಾಗಲೇ ಆ ಕಲ್ಲು ಹುಟ್ಟಿತು. ನೀನು ನೋಡಿದ್ದರೆ ಅದನ್ನು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ನೀನು ನೋಡದೆ ನಿಜ ಬರೆದೆ. ನಾನು ನೋಡಿ ಸುಳ್ಳು ಹೇಳಿದೆ. ಅನಿತಾಗೆ ಹೇಳಿದೆ, ಅಣ್ಣತಮ್ಮಂದಿರಿಗೆ ಹೇಳಿದೆ, ಏರ್‌ಕಂಡೀಶನರ್ ತೊಳೆಯಲು ಹೋದ ಮನೆಯವರಿಗೂ ಹೇಳಿದೆ. ಹದಿನೇಳು ವರ್ಷದಲ್ಲಿ ಆ ಕಲ್ಲಿನ ಬಣ್ಣ ಕೂಡ ಹೇಳಬಲ್ಲವನಾದೆ. ನಿನ್ನೆ ಅನಿತಾಗೆ ನಿಜ ಹೇಳಿದೆ. "ಅಯ್ಯ, ಅದಕ್ಕ ಇಷ್ಟ ವರ್ಷ ಆ ಮನುಷ್ಯಾನ್ನ ಬೈದ್ರಿ?" ಎಂದಳು. ಆಮೇಲೆ ಬಟ್ಟೆ ಮಡಚುತ್ತ ಕುಳಿತಳು. ಇನ್ನೂ ಸರಿಯಾಗಿ ಮಾತಾಡಿಲ್ಲ.

ರೋಸ್ಲಿಗೆ ಹೇಳು, ಅಜ್ಮಾನನ ಹೆಸರೇ ಬರೆಯಲಿ. ಖಾಲಿ ಬಿಡಬೇಡ. ಅವನು ದೊಡ್ಡ ಆಟಗಾರ. ನಾನು ಹಾರುವವ.

ನನಗೆ ಒಂದು ಬೇಕು. ವೈನಿ ಡಬ್ಬಿ ತರುವುದನ್ನು ನೀನು ನೂರು ಸಲ ನೋಡಿದ್ದೆ. ಒಂದು ದಿನವೂ ಪುಸ್ತಕದಿಂದ ತಲೆ ಎತ್ತಿದ್ದಿಲ್ಲ. ನಾವು ಗೇಲಿ ಮಾಡುತ್ತಿದ್ದೆವು, "ಹೆಂಡ್ತಿ ಬಂದ್ಲೋ ಸುಬ್ಬಣ್ಣ, ಎಂಟ್ರಿ ಮಾಡ್ಕೋ" ಅಂತ. ಅಂಥವನು ಫೈನಲಿನ ಕೊನೆಯ ಚೆಂಡು ಬಿಟ್ಟು ಅತ್ತ ನೋಡಿದೆ ಎಂದರೆ ಸುಮ್ಮನೆ ಅಲ್ಲ. ಏನು ನೋಡಿದೆ? ನನ್ನ ಆರುನೂರ ಹನ್ನೊಂದು ಚೆಂಡು ನಿನ್ನ ಪುಸ್ತಕದಲ್ಲಿವೆ. ವೈನಿಯ ಬಗ್ಗೆ ಎಲ್ಲಾದರೂ ಒಂದು ಸಾಲಿದೆಯೇ? ಬರೆದು ಕಳಿಸು.

ನಿನ್ನ
ಮಹೇಶ


ಬಯಾನ್ ಲೆಪಾಸ್
೧೭ ಅಕ್ಟೋಬರ್ ೨೦೨೧

ಮಹೇಶ,

ರಾಜ್ಯ ದಾಟಲು ಈ ವಾರದಿಂದ ಬಿಟ್ಟಿದ್ದಾರೆ. ನೀನು ಮತ್ತು ಅನಿತಾ ಬರುವುದಾದರೆ ಇಲ್ಲಿಯೇ ಉಳಿಯಬೇಕು. ಎದುರಿಗೆ ಕುಳಿತರೆ ನಾನು ಮತ್ತೆ ಅಂಕಿಯ ಮಾತೇ ಆಡುತ್ತೇನೆ. ಆದ್ದರಿಂದ ನೀನು ಕೇಳಿದ್ದನ್ನು ಬರೆದೇ ಕಳಿಸುತ್ತಿದ್ದೇನೆ.

ಗೋಡೆಗೆ ಅಜ್ಮಾನನ ಹೆಸರು ಬಂತು. ಅವನು ಮೊಮ್ಮಗಳನ್ನು ಕರೆದುಕೊಂಡು ಬಂದು ನೋಡಿ, "ಮಹೇಶ್ ಎಲ್ಲಿ?" ಎಂದು ರೋಸ್ಲಿಯನ್ನು ಕೇಳಿದನಂತೆ. ಫೈನಲಿನ ಪುಟದಲ್ಲಿ 'ಇ ಆರು' ಹಾಗೆಯೇ ಇದೆ. ಅದರ ಕೆಳಗೆ 'ಸ್ಕೋರರ್ ನೋಡಿಲ್ಲ, ಆಟಗಾರನೇ ಹೇಳಿದ್ದು' ಎಂದು ಬರೆದು ಸಹಿ ಹಾಕಿದ್ದೇನೆ.

ದಿನಚರಿಗಳನ್ನು ಹುಡುಕಿದೆ. ಇಪ್ಪತ್ತೆಂಟು ಪುಸ್ತಕ. 'ಸರೋಜಿನಿಗೆ ಜ್ವರ', 'ಸರೋಜಿನಿ ಊರಿಂದ ಬಂದಳು', ಇಂಥವೇ. ನೀನು ಕೇಳಿದ ಸಾಲು ಇಲ್ಲ. ಅವತ್ತಿನ ಪುಟದಲ್ಲಿ 'ಸೋತೆವು, ಮಹೇಶನ ತಪ್ಪು' ಎಂದಿದೆ.

ನೋಡಿದ್ದು ಇದು. ಗೇಟಿನ ಹೊರಗೆ ಚರಂಡಿಯ ಮೇಲೆ ಒಂದು ಕಟ್ಟೆಯಿತ್ತಲ್ಲ. ಎಲ್ಲರೂ ಮೈದಾನದ ಕಡೆ ಮುಖ ಮಾಡಿದ್ದರಿಂದ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವಳು ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟಳು. ಸುಸ್ತಾಯಿತೋ ಏನೋ ಎಂದು ನಾನು ನೋಡಿದೆ. ಅವಳು ಕೊಡೆ ಮಡಚಿದಳು. ಆಚೆ ಈಚೆ ನೋಡಿದಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಕೊಡೆಯನ್ನು ಭುಜದ ಮೇಲೆ ಹಿಡಿದಳು. ಕಾದಳು, ನಿಜವಾಗಿ ಎದುರಿನಿಂದ ಚೆಂಡು ಬರುವುದಿದೆ ಎಂಬಂತೆ. ಆಮೇಲೆ ಬೀಸಿದಳು.

ಅದೇ ಹೊತ್ತಿಗೆ ಮೈದಾನದಲ್ಲಿ ಬ್ಯಾಟಿನ ಸದ್ದಾಯಿತು. ನಾನು ತಿರುಗಿದೆ.

ನೀವೆಲ್ಲ ಊಟ ಮಾಡುವಾಗ ಅವಳು ಯಾವತ್ತಿನ ಹಾಗೇ ಬಡಿಸಿದಳು. "ನಂಗೆ ಈ ಆಟ ಒಂದೂ ತಿಳಿಯುದಿಲ್ಲಪ್ಪ" ಎಂದು ನಿನಗೇ ಹೇಳಿದಳು, ಸಾರು ಹಾಕುತ್ತ.

ಇನ್ನೊಂದು ಇದೆ. ಮರುವರ್ಷ ಹೆಂಗಸರದ್ದೊಂದು ತಂಡ ಮಾಡಿದರು, ಆಗ ನೀನಿರಲಿಲ್ಲ. ನೌಕರರ ಹೆಂಡತಿಯರೂ ಸೇರಬಹುದಿತ್ತು. ಮ್ಯಾನೇಜರ್ ಮನೆಗೇ ಬಂದು ಇವಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. "ಇವಳಿಗೆ ಆಟ ಗೊತ್ತಿಲ್ಲ ಸರ್" ಎಂದೆ. ಗೊತ್ತಿದೆ ಎಂದರೆ, ಯಾವಾಗ ನೋಡಿದಿರಿ ಎಂದು ಅವಳು ಕೇಳುತ್ತಾಳೆ ಎಂಬ ಹೆದರಿಕೆ. ಅವಳು ಅವರಿಗೆ ಚಹಾ ತರಲು ಎದ್ದು ಹೋದಳು.

ಇಪ್ಪತ್ತೈದು ವರ್ಷ ನಾಲ್ಕು ತಂಡದವರು ಬ್ಯಾಟ್ ಬೀಸುವುದನ್ನು ನೋಡಿದ್ದೇನೆ. ಹಿಂಗಾಲು ತಿರುಗಿಸುವುದನ್ನು ನಿಮಗೆಲ್ಲ ಕಲಿಸಲು ಆ ಮ್ಯಾನೇಜರಿಗೆ ಎರಡು ವರ್ಷ ಬೇಕಾಯಿತು. ಅವಳ ಹಿಂಗಾಲು ಸರಿಯಾಗಿ ತಿರುಗಿತ್ತು, ಮಹೇಶ. ಅವಳಿಗೆ ಯಾರೂ ಕಲಿಸಿರಲಿಲ್ಲ.

ನಿನ್ನ
ಸುಬ್ಬಣ್ಣ